ಕಲ್ಯಾಣದ ಮಂಟಪವೂ ಪ್ರಜೆಯ ಹಕ್ಕೂ

ಮರಳೂರಿನ ವಚನಾಧ್ಯಯನ ಗೋಷ್ಠಿಯಲ್ಲಿ ಒಬ್ಬ ತರುಣ ವಿದ್ಯಾರ್ಥಿಯು ಕೇಳಿದ ಪ್ರಶ್ನೆಯೇ ಈ ತಿಂಗಳ ಪಾಠಕ್ಕೆ ಪೀಠಿಕೆ. ಅಂದು ನಾವು ಹರಳಯ್ಯ, ಮಧುವಯ್ಯ ಶರಣರ ಚರಿತ್ರೆಯನ್ನು ಓದಿ ಮುಗಿಸಿದ್ದೆವು. ಆತನು ಎದ್ದು ನಿಂತು, "ಗುರುಗಳೇ, ಅನುಭವ ಮಂಟಪವೇ ಜಗತ್ತಿನ ಮೊದಲನೆಯ ಸಂಸತ್ತು ಎಂದು ಸಭೆಗಳಲ್ಲಿ ಹೇಳುತ್ತಾರೆ. ಸಂಸತ್ತೇ ಆಗಿದ್ದರೆ ಅದು ಹರಳಯ್ಯನವರನ್ನು ಏಕೆ ಉಳಿಸಿಕೊಳ್ಳಲಿಲ್ಲ?" ಎಂದು ಕೇಳಿದನು. ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಹಿರಿಯರೊಬ್ಬರು, "ಅದೆಲ್ಲ ಶಿವಲೀಲೆಯಪ್ಪ" ಎಂದು ಸಮಾಧಾನ ಹೇಳಿದರು. ಭಕ್ತಿಯ ದೃಷ್ಟಿಯಿಂದ ಆ ಉತ್ತರವು ತಪ್ಪೆನ್ನಲಾಗದು. ಆದರೆ ಕೇಳಿದವನು ಇನ್ನೇನು ಮೊದಲ ಸಲ ಮತ ಹಾಕಲಿರುವವನು. ಅವನಿಗೆ ಸಲ್ಲತಕ್ಕ ಉತ್ತರವು ಬೇರೊಂದಿದೆಯೆಂದು ತೋರಿ, ಅದನ್ನು ಮುಂದಿನ ಗೋಷ್ಠಿಗೆ ತರುವೆನೆಂದು ಮಾತುಕೊಟ್ಟೆನು. ಆ ಮಾತನ್ನು ಇಲ್ಲಿ ಸಲ್ಲಿಸುತ್ತಿದ್ದೇನೆ.

ಮೊದಲು ಮಂಟಪದ ವಿಚಾರ. ಅನುಭವ ಮಂಟಪದ ಗೋಷ್ಠಿಗಳ ವಿಸ್ತಾರವಾದ ಚಿತ್ರವು ನಮಗೆ ದೊರೆಯುವುದು ಹೆಚ್ಚಾಗಿ ಶೂನ್ಯಸಂಪಾದನೆಗಳಿಂದ. ಇವು ಕಲ್ಯಾಣದ ಕಾಲಕ್ಕೆ ಎಷ್ಟೋ ತಲೆಮಾರುಗಳ ಅನಂತರ ಸಂಕಲಿತವಾದವು. ಅವುಗಳಲ್ಲಿ ಕಡೆಯದಾದ ಸಂಕಲನವನ್ನು ಸಿದ್ಧಗೊಳಿಸಿದವರು ಗೂಳೂರ ಸಿದ್ಧವೀರಣ್ಣೊಡೆಯರು. ಮರಳೂರಿನಿಂದ ಕುಣಿಗಲ್ ಮಾರ್ಗದಲ್ಲಿ ಹೊರಟರೆ ಸಿಗುವ ಗೂಳೂರೇ ಅವರ ಊರು. ಅದೇ ಮಾರ್ಗದಲ್ಲಿ ಇನ್ನೂ ಮುಂದೆ ಹೋದರೆ ಎಡೆಯೂರು, ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ. ಮಂಟಪದ ಸ್ಮೃತಿಯನ್ನು ಗ್ರಂಥಸ್ಥವಾಗಿ ಉಳಿಸಿಕೊಟ್ಟ ಸೀಮೆಯೇ ನಮ್ಮದೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲವೆಂಬುದು ನನ್ನ ಬಹುಕಾಲದ ಕೊರಗು, ಅದಿರಲಿ.

ಆ ಗ್ರಂಥಗಳು ಕಾಣಿಸುವ ಮಂಟಪದಲ್ಲಿ ಯಾವ ಕಾಯಕದವರಿಗೂ ಮಾತಿನ ಅಧಿಕಾರವುಂಟು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರ ಕಾಯಕನಿಷ್ಠೆಯನ್ನು ಮುಂದಿಟ್ಟುಕೊಂಡು ಲಿಂಗ ಜಂಗಮಗಳ ಹೆಚ್ಚು ಕಡಮೆಯನ್ನೇ ಚರ್ಚಿಸಲಾಗುತ್ತದೆ. ಅಕ್ಕಮಹಾದೇವಿಯವರು ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸುತ್ತಾರೆ. ಬಸವಣ್ಣನವರೂ ಅಲ್ಲಿ ಪ್ರಶ್ನಾತೀತರಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಂಥ ವಾಕ್ಸ್ವಾತಂತ್ರ್ಯವನ್ನು ಕಲ್ಪಿಸಿಕೊಳ್ಳುವುದೇ ಒಂದು ಮಹತ್ಕಾರ್ಯ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಮಂಟಪದ ಬಾಗಿಲಿನಿಂದ ಹೊರಗೆ ಕಾಲಿಟ್ಟೊಡನೆ ಆಳ್ವಿಕೆ ಬಿಜ್ಜಳನದು. ಬಸವಣ್ಣನವರು ಆತನ ಭಂಡಾರಿಗಳು. ದೊರೆಯು ಅವರನ್ನು ಮನ್ನಿಸುತ್ತಿದ್ದಷ್ಟು ದಿನವೂ ಶರಣರಿಗೆ ನಿರ್ಭಯ. ಹರಳಯ್ಯನವರ ಮಗನಿಗೂ ಮಧುವಯ್ಯನವರ ಮಗಳಿಗೂ ವಿವಾಹವಾದಾಗ, ವರ್ಣಧರ್ಮವು ಕೆಟ್ಟಿತೆಂದು ಕೆಲವರು ದೊರೆಗೆ ದೂರಿತ್ತರು. ದೊರೆಯ ಮನಸ್ಸು ತಿರುಗಿತು. ಶರಣರ ಕಣ್ಣು ಕೀಳಿಸಿ ಎಳೆಹೂಟೆ ಕಟ್ಟಿಸಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಅನಂತರದ್ದು ಎಲ್ಲರಿಗೂ ತಿಳಿದ ಕಥೆ: ಬಸವಣ್ಣನವರು ಕೂಡಲಸಂಗಮಕ್ಕೆ, ಶರಣರು ಉಳವಿಯ ಕಡೆಗೆ, ದೊರೆಯು ಮರಣಕ್ಕೆ.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರದ ಮೊದಲ ಭಾಗವು ಇಲ್ಲಿಯೇ ಇದೆ. ಮಂಟಪದಲ್ಲಿ ಸ್ವಾತಂತ್ರ್ಯವಿತ್ತು, ಹಕ್ಕು ಇರಲಿಲ್ಲ. ಇವೆರಡೂ ಒಂದೇ ಎಂದು ನಾವು ತಿಳಿಯುತ್ತೇವೆ, ಒಂದೇ ಅಲ್ಲ. ಒಬ್ಬನ ಕೃಪೆಯಿಂದ ಬಂದ ಸ್ವಾತಂತ್ರ್ಯವು ಆತನ ಮುನಿಸಿನಿಂದ ಹೋಗುತ್ತದೆ. ಕೊಟ್ಟವನನ್ನೇ ಕಟ್ಟಿಹಾಕುವ ಶಕ್ತಿ ಯಾವುದಕ್ಕೆ ಉಂಟೋ ಅದು ಹಕ್ಕು. ಬಿಜ್ಜಳನನ್ನು ಬಿಜ್ಜಳನ ಮುಂದಲ್ಲದೆ ಇನ್ನೆಲ್ಲಿಯೂ ಪ್ರಶ್ನಿಸಲು ಅಂದು ಸ್ಥಳವಿರಲಿಲ್ಲ. ಇದು ಶರಣರ ಕೊರತೆಯಲ್ಲ, ಆ ಕಾಲದ ರಾಜ್ಯವ್ಯವಸ್ಥೆಯ ಕೊರತೆ. ಅನುಭವ ಮಂಟಪವನ್ನು ಸಂಸತ್ತೆಂದು ಕರೆದು ಮೆರೆಯುವವರು ಈ ಭೇದವನ್ನು ಮರೆಮಾಡಿ, ಶರಣರು ತೆತ್ತ ಬೆಲೆಯನ್ನೂ ಮರೆಸಿಬಿಡುತ್ತಾರೆಂದು ನನಗೆ ಅನಿಸುತ್ತದೆ.

ಕೃಪೆಯಿಂದ ಹಕ್ಕಿಗೆ ಬರಲು ನಮ್ಮ ನಾಡಿಗೆ ಏಳುನೂರೆಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ದಸರೆಯ ಕಾಲದಲ್ಲಿ ತುಮಕೂರು ಸೀಮೆಯ ಪ್ರಮುಖರೂ ಮೈಸೂರಿಗೆ ಹೋಗುವರು. ದಿವಾನರು ಆಡಳಿತದ ವರದಿಯನ್ನು ಓದುವರು. ಪ್ರತಿನಿಧಿಗಳು ಕೆರೆಯ ಕೋಡಿ, ಕಂದಾಯದ ಹೊರೆ, ರಸ್ತೆಯ ದುರಸ್ತಿ ಮೊದಲಾದ ಅಹವಾಲುಗಳನ್ನು ಬಿನ್ನವಿಸಿಕೊಳ್ಳುವರು. ಅಂದಿನ ಹಿಂದೂಸ್ಥಾನದ ದೇಶೀಯ ಸಂಸ್ಥಾನಗಳಲ್ಲಿ ಇದು ಮುಂಚೂಣಿಯ ಹೆಜ್ಜೆಯೆಂಬ ಕೀರ್ತಿ ಸರಿಯಾದುದೇ. ಆದರೂ ಬಿನ್ನಹವು ಬಿನ್ನಹವೇ. ಸಭೆಗೆ ಶಾಸನದ ಆಧಾರವು ದೊರೆತದ್ದು 1923ರಲ್ಲಿ. ಆಗಲೂ ಕಡೆಯ ಮಾತು ಅರಮನೆಯದು.

ಆ ಕಡೆಯ ಮಾತಿನ ತೂಕವು 1938ರಲ್ಲಿ ಬಯಲಾಯಿತು. ಮದ್ದೂರಿನ ಬಳಿಯ ಶಿವಪುರದಲ್ಲಿ ಆ ವರ್ಷದ ಏಪ್ರಿಲಿನಲ್ಲಿ ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರವು ನಿಷೇಧಿಸಿತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ನಿಷೇಧವನ್ನು ಮೀರಿ ದಸ್ತಗಿರಿಯಾದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸಭೆ ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಅನಂತರ ಧ್ವಜಕ್ಕೆ ಅನುಮತಿಯೇನೋ ದೊರೆಯಿತು. ಒಂದು ಬಟ್ಟೆಯ ತುಂಡನ್ನು ಹಾರಿಸಲು ಪ್ರಾಣ ತೆತ್ತು ಅನುಮತಿ ಪಡೆಯಬೇಕಾದ ಕಡೆ ಸಭೆಗಳೆಷ್ಟಿದ್ದರೇನು? 1947ರ 'ಮೈಸೂರು ಚಲೋ' ಚಳವಳಿಯು ಇದೇ ಪ್ರಶ್ನೆಯಿಂದ ಹುಟ್ಟಿದ್ದು. ಆ ವರ್ಷದ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರವು ಬಂದಿತು. ಶಿವಪುರದಲ್ಲಿ ಸೆರೆಯಾದ ಸಿದ್ಧಲಿಂಗಯ್ಯನವರೇ ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಸದಸ್ಯರಾಗಿ ಕುಳಿತರು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಮೂರನೆಯ ಭಾಗವನ್ನು ವಾಚಕರು ಒಮ್ಮೆಯಾದರೂ ಓದಬೇಕು. ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಬೇಕಾದ ಕಸುಬನ್ನು ಮಾಡುವ ಸ್ವಾತಂತ್ರ್ಯ, ಜೀವ ಮತ್ತು ದೇಹದ ಸ್ವಾತಂತ್ರ್ಯ, ಬೇಕಾದ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಎಂದು ಅಲ್ಲಿ ಎಣಿಸಿದೆ. ಈ ಎಣಿಕೆಗಿಂತಲೂ ಮುಖ್ಯವಾದವು ಅಲ್ಲಿಯ ಎರಡು ಅನುಚ್ಛೇದಗಳು. 13ನೆಯದರ ಪ್ರಕಾರ, ಈ ಹಕ್ಕುಗಳಿಗೆ ವಿರೋಧವಾಗಿ ಸರ್ಕಾರವು ಮಾಡುವ ಶಾಸನವು ವಿರೋಧವಿರುವಷ್ಟರ ಮಟ್ಟಿಗೆ ಅಸಿಂಧು. 32ನೆಯದರ ಪ್ರಕಾರ, ಹಕ್ಕು ಮುರಿದಾಗ ಯಾವ ಪ್ರಜೆಯೂ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದು. ಹಾಗೆ ತಟ್ಟುವುದೇ ಒಂದು ಹಕ್ಕು. ಡಾಕ್ಟರ್ ಅಂಬೇಡ್ಕರರು 1948ರ ಡಿಸೆಂಬರಿನಲ್ಲಿ ಈ ಅನುಚ್ಛೇದವನ್ನೇ ಸಂವಿಧಾನದ ಹೃದಯವೆಂದೂ ಆತ್ಮವೆಂದೂ ಬಣ್ಣಿಸಿದರು. ದೊರೆಯ ಮೇಲಣ ದೂರನ್ನು ದೊರೆಯಲ್ಲದವರ ಮುಂದೆ ಇಡಲು ಒಂದು ಸ್ಥಳವು ಕಡೆಗೂ ಏರ್ಪಟ್ಟಿತು.

ಆದರೆ ಒಂದು ಸಂದೇಹ ಉಳಿದಿತ್ತು. ಸಂವಿಧಾನವನ್ನೇ ತಿದ್ದುವ ಅಧಿಕಾರವು ಸಂಸತ್ತಿಗೆ ಉಂಟಷ್ಟೆ? ಬಹುಮತವಿದ್ದವರು ಆ ಅಧಿಕಾರದಿಂದ ಮೂರನೆಯ ಭಾಗವನ್ನೇ ಅಳಿಸಿಬಿಟ್ಟರೆ? ಆಗ ಬಿಜ್ಜಳನ ಸ್ಥಾನದಲ್ಲಿ ಬಹುಮತವು ಕುಳಿತಂತಾಗಲಿಲ್ಲವೇ? ಈ ಸಂದೇಹಕ್ಕೆ ಉತ್ತರವು ದೊರೆತದ್ದು ಕನ್ನಡದ ಒಂದು ಮಠದ ಮೊಕದ್ದಮೆಯಿಂದ. ಮಠದ ಪತ್ರಿಕೆಯನ್ನು ಓದುವ ನಾವು ಈ ಸಂಗತಿಯನ್ನು ವಿವರವಾಗಿ ತಿಳಿದಿರುವುದು ಉಚಿತ.

ಕಾಸರಗೋಡಿನ ಸಮೀಪದಲ್ಲಿ ಎಡನೀರು ಮಠವಿದೆ. ಶಂಕರಾಚಾರ್ಯರ ಶಿಷ್ಯರಾದ ತೋಟಕಾಚಾರ್ಯರ ಪರಂಪರೆಯದೆಂದು ಖ್ಯಾತಿ. ಯಕ್ಷಗಾನ, ಸಂಗೀತಗಳಿಗೆ ಆಶ್ರಯವಾದ ಕನ್ನಡ ಮಠ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ 1963ರ ಭೂಸುಧಾರಣಾ ಶಾಸನವು 1969ರಲ್ಲಿ ತಿದ್ದುಪಡಿಯಾಗಿ ಬಿರುಸಾದಾಗ ಮಠದ ಭೂಮಿಯು ಕೈಬಿಡುವ ಪ್ರಸಂಗ ಬಂದಿತು. ಆಗ ಮಠಾಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು, ಇನ್ನೂ ಮೂವತ್ತು ತುಂಬದ ಯತಿ, 1970ರ ಮಾರ್ಚಿಯಲ್ಲಿ 32ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಕೇಳಿದ್ದು ಮಠದ ಆಸ್ತಿಯ ಹಕ್ಕನ್ನು, ಧಾರ್ಮಿಕ ಸಂಸ್ಥೆಯು ತನ್ನ ವ್ಯವಹಾರಗಳನ್ನು ತಾನೇ ನಡೆಸಿಕೊಳ್ಳುವ ಹಕ್ಕನ್ನು.

ಮೊಕದ್ದಮೆ ನಡೆಯುತ್ತಿರುವಾಗಲೇ ಸಂಸತ್ತು ಸಂವಿಧಾನಕ್ಕೆ 24, 25, 29ನೆಯ ತಿದ್ದುಪಡಿಗಳನ್ನು ಮಾಡಿತು. ಮೂಲಭೂತ ಹಕ್ಕುಗಳನ್ನೂ ತಿದ್ದಬಹುದೆಂದು ಮೊದಲನೆಯದು ಹೇಳಿತು. ಕಡೆಯದು ಕೇರಳದ ಭೂಶಾಸನಗಳನ್ನು ನ್ಯಾಯಾಲಯದ ಕೈಗೆ ಸಿಗದಂತೆ ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಹೀಗೆ ಒಂದು ಮಠದ ಹೊಲಗದ್ದೆಗಳ ತಕರಾರು ಸಂಸತ್ತಿನ ಅಧಿಕಾರಕ್ಕೆ ಎಲ್ಲೆಯುಂಟೇ ಎಂಬ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ಮಂದಿ ನ್ಯಾಯಮೂರ್ತಿಗಳು ಕುಳಿತರು. ಅಷ್ಟು ದೊಡ್ಡ ಪೀಠವು ಅದಕ್ಕೆ ಮುಂಚೆ ಕುಳಿತಿರಲಿಲ್ಲ. 1972ರ ಅಕ್ಟೋಬರ್ 31ರಿಂದ ಮರುವರ್ಷದ ಮಾರ್ಚಿಯವರೆಗೆ 68 ದಿನ ವಾದ ನಡೆಯಿತು. ಸ್ವಾಮಿಗಳ ಪರವಾಗಿ ವಾದಿಸಿದವರು ಮುಂಬಯಿಯ ನಾನಿ ಪಾಲ್ಖಿವಾಲಾ ಅವರು. ವಕೀಲರನ್ನು ಸ್ವಾಮಿಗಳು ಮುಖತಃ ಕಂಡವರೇ ಅಲ್ಲವೆಂದೂ, ದಿನವೂ ವೃತ್ತಪತ್ರಿಕೆಯಲ್ಲಿ ತಮ್ಮ ಹೆಸರನ್ನು ಕಂಡು ಬೆರಗಾಗುತ್ತಿದ್ದರೆಂದೂ ಬಲ್ಲವರು ಬರೆದಿದ್ದಾರೆ.

1973ರ ಏಪ್ರಿಲ್ 24ರಂದು ತೀರ್ಪು ಬಂದಿತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಕೂಡದು ಎಂಬುದು ಬಹುಮತದ ನಿರ್ಣಯ. ಮನೆಯ ಕೋಣೆಗಳನ್ನು ಬದಲಾಯಿಸಬಹುದು, ಗೋಡೆಗೆ ಬೇರೆ ಬಣ್ಣ ಬಳಿಯಬಹುದು, ಮೇಲೊಂದು ಅಂತಸ್ತನ್ನೂ ಕಟ್ಟಬಹುದು. ತಳಪಾಯದ ಕಲ್ಲನ್ನು ಮಾತ್ರ ಕೀಳುವಂತಿಲ್ಲ. ಹದಿಮೂರರಲ್ಲಿ ಒಬ್ಬರ ಮನಸ್ಸು ಬೇರೆಯಾಗಿದ್ದರೆ ಈ ನಾಡಿನ ಚರಿತ್ರೆಯೇ ಬೇರೆಯಾಗುತ್ತಿತ್ತು.

ಇನ್ನು ಮಠದ ಭೂಮಿ? ಅದು ಮರಳಿ ಬರಲಿಲ್ಲ. ಭೂಸುಧಾರಣಾ ಶಾಸನಕ್ಕೆ ರಕ್ಷಣೆ ಕೊಟ್ಟ 29ನೆಯ ತಿದ್ದುಪಡಿಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಸ್ವಾಮಿಗಳು ತಮಗಾಗಿ ಕೇಳಿದ್ದನ್ನು ಕಳೆದುಕೊಂಡರು. ಕೇಳದೆಯೇ ಕೋಟ್ಯಂತರ ಜನರಿಗೆ ಒಂದು ರಕ್ಷೆಯನ್ನು ಗಳಿಸಿಕೊಟ್ಟರು. ಅವರು 2020ರ ಸೆಪ್ಟೆಂಬರ್ 6ರಂದು ದೇಹಬಿಟ್ಟಾಗ ದೇಶದ ನ್ಯಾಯವಾದಿಗಳೆಲ್ಲ ಅವರನ್ನು ನೆನೆದರು. ಯತಿಯೊಬ್ಬರು ಆಸ್ತಿಗಾಗಿ ಕಟ್ಟೆ ಹತ್ತಬಹುದೇ ಎಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆಯೆಂದೇ ನನ್ನ ಅಭಿಪ್ರಾಯ. ಆದರೆ ಫಲವು ತನಗೆ ಸಲ್ಲದೆ ಸಮಾಜಕ್ಕೆ ಸಂದಾಗ ಅದಕ್ಕೆ ನಮ್ಮ ಪರಿಭಾಷೆಯಲ್ಲಿ ದಾಸೋಹವೆಂದಲ್ಲದೆ ಬೇರೆ ಹೆಸರಿಲ್ಲ. ಅದು ಬಯಸಿ ಮಾಡಿದ್ದಲ್ಲವೆಂಬುದೊಂದೇ ಭೇದ.

ಭೂಮಿಯ ಮಾತು ಬಂದುದರಿಂದ ನಮ್ಮ ಮನೆಯ ವಿಷಯವನ್ನೂ ಮುಚ್ಚಿಡಬಾರದು. ನಮ್ಮ ರಾಜ್ಯದಲ್ಲಿ ಧಾರ್ಮಿಕ ಇನಾಮುಗಳ ರದ್ದಿಯಾತಿಗೆ 1955ರಲ್ಲಿಯೇ ಶಾಸನವಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿಯ ಒಕ್ಕಲು ಏಳನೆಯ ನಮೂನೆಯಲ್ಲಿ ಅರ್ಜಿ ಬರೆದುಕೊಟ್ಟು ಭೂನ್ಯಾಯ ಮಂಡಲಿಯ ಮುಂದೆ ನಿಂತು ಉಳುವ ನೆಲಕ್ಕೆ ಒಡೆಯನಾದನು. ವೀರಶೈವ ಮಠಗಳ ಹೊಲಗಳೂ ಹೀಗೆ ಒಕ್ಕಲಿಗೆ ಸಂದವು. ಅಂದು ನಮ್ಮಲ್ಲಿ ಅನೇಕರು 'ಮಠದ ಹಕ್ಕು ಹೋಯಿತು' ಎಂದು ಮರುಗಿದರು. ಕಾಯಕವನ್ನೇ ಕೈಲಾಸವೆಂದು ಬೋಧಿಸುವ ಪೀಠವು ಉಳುವ ಕೈಗೆ ನೆಲ ಸಂದಿತೆಂದು ಮರುಗುವುದು ನನಗೆ ಒಗ್ಗದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮನೆಗೆ ಸೇರಿಸದೆ ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಹೇಳಿದ ಪ್ರಸಂಗವನ್ನು ನಾವು ಉಪನ್ಯಾಸಗಳಲ್ಲಿ ಮಾತ್ರ ನೆನೆದರೆ ಸಾಲದು. ಆಸ್ತಿಯ ಹಕ್ಕನ್ನು 1978ರ 44ನೆಯ ತಿದ್ದುಪಡಿಯು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದು, ಶಾಸನದ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಕೂಡದೆಂಬಷ್ಟಕ್ಕೆ ನಿಲ್ಲಿಸಿತು. ವಾಕ್ಕಿಗೂ ಜೀವಕ್ಕೂ ಇರುವ ಸ್ಥಾನವು ಹೊಲಗದ್ದೆಗೆ ಇರಬೇಕಾಗಿಲ್ಲ. ಲಕ್ಕಮ್ಮನವರನ್ನು ಕೇಳಿದ್ದರೆ ಅವರೂ ಇದನ್ನು ಒಪ್ಪುತ್ತಿದ್ದರೆಂದು ಭಾವಿಸುತ್ತೇನೆ.

ತೀರ್ಪಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ತೀರ್ಪು ಬಂದೊಡನೆಯೇ, ಹಿರಿಯರಾಗಿದ್ದ ಮೂವರು ನ್ಯಾಯಮೂರ್ತಿಗಳನ್ನು ದಾಟಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಸರ್ಕಾರವು ನೇಮಿಸಿತು. ದಾಟಲ್ಪಟ್ಟ ಮೂವರೂ ಸರ್ಕಾರಕ್ಕೆ ಒಪ್ಪಿಗೆಯಾಗದ ಪಕ್ಷದಲ್ಲಿ ತೀರ್ಪಿತ್ತವರು. ಅವರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ಕೆ. ಎಸ್. ಹೆಗ್ಡೆಯವರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಚುನಾಯಿತರಾಗಿ ಮುಂದೆ ಅದರ ಸಭಾಧ್ಯಕ್ಷರೂ ಆದರು.

ನಡುವೆ ಬಂದದ್ದು ತುರ್ತುಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ಅದರ ಘೋಷಣೆಯಾಯಿತು. ಮರುದಿನ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿತರಾದರು. ಏಕೆ ಹಿಡಿದಿರಿ ಎಂದು ಕೇಳಲು ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ತಡೆಹಿಡಿಯಲಾಯಿತು. ಕರ್ನಾಟಕದ್ದೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು, ಅರ್ಜಿಗಳನ್ನು ಕೇಳುವ ಅಧಿಕಾರವು ತಮಗುಂಟೆಂದು ಧೈರ್ಯವಾಗಿ ಹೇಳಿದವು. ಆದರೆ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು, ಇಂಥ ಕಾಲದಲ್ಲಿ ಬಂಧಿತನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದೆಯೆಂದು ತೀರ್ಮಾನಿಸಿದರು. ಒಪ್ಪದವರು ಎಚ್. ಆರ್. ಖನ್ನಾ ಅವರೊಬ್ಬರೇ, 1973ರಲ್ಲಿ ಏಳನೆಯವರಾಗಿ ತಕ್ಕಡಿಯನ್ನು ತಿರುಗಿಸಿದವರೂ ಅವರೇ. ಮುಖ್ಯ ನ್ಯಾಯಮೂರ್ತಿಯ ಪದವಿಯು ಅವರಿಗೂ ತಪ್ಪಿತು. ಚಲಚ್ಚಿತ್ರ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಎಳೆಹೂಟೆಯ ಕಾಲವು ಪೂರ್ತಿ ಕಳೆದುಹೋಯಿತೆಂದು ಯಾರೂ ನಿಶ್ಚಿಂತರಾಗಕೂಡದು. ಪ್ರಜೆಯ ಮೂಲಭೂತ ಕರ್ತವ್ಯಗಳ ಪಟ್ಟಿಯು ಸಂವಿಧಾನಕ್ಕೆ ಸೇರಿದ್ದು ಅದೇ 1976ರಲ್ಲಿ ಎಂಬುದನ್ನೂ ಪ್ರಾಸಂಗಿಕವಾಗಿ ಗಮನಿಸಬಹುದು. ಕರ್ತವ್ಯಗಳು ಒಳ್ಳೆಯವೇ; ಅವನ್ನು ನೆನಪಿಸಲು ಆರಿಸಿಕೊಂಡ ಮುಹೂರ್ತವು ಮಾತ್ರ ವಿಚಿತ್ರವಾದುದು.

ತಳಪಾಯದ ಕಲ್ಲು ಆದರೂ ಕದಲಲಿಲ್ಲ. 1978ರ ತಿದ್ದುಪಡಿಯು ಜೀವದ ಹಕ್ಕನ್ನು ಎಂಥ ತುರ್ತಿನಲ್ಲಿಯೂ ತಡೆಹಿಡಿಯಕೂಡದೆಂದು ವಿಧಿಸಿತು. ಬೆಂಗಳೂರಿನ ಮಿನರ್ವಾ ಗಿರಣಿಯ ಮೊಕದ್ದಮೆಯಲ್ಲಿ 1980ರಲ್ಲಿ ಮೂಲ ಸ್ವರೂಪದ ತತ್ತ್ವವು ಇನ್ನಷ್ಟು ಗಟ್ಟಿಯಾಯಿತು. ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ ಮೊಕದ್ದಮೆಯಲ್ಲಿ, ಬಹುಮತದ ಪರೀಕ್ಷೆಯು ಸದನದಲ್ಲಿಯೇ ಆಗತಕ್ಕದ್ದೆಂದು 1994ರಲ್ಲಿ ನಿರ್ಣಯವಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಪ್ರಜೆಯ ಖಾಸಗಿ ಬಾಳೂ ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು; 1976ರ ಆ ತೀರ್ಪು ತಪ್ಪೆಂದು ಅಲ್ಲಿಯೇ ತೊಡೆದುಹಾಕಲಾಯಿತು. ತೊಡೆದುಹಾಕಿ ಬರೆದವರಲ್ಲಿ ಒಬ್ಬರು ಅಂದು ನಾಲ್ವರಲ್ಲಿ ಒಬ್ಬರಾಗಿದ್ದ ನ್ಯಾಯಮೂರ್ತಿಗಳ ಮಗ. ಎಡನೀರು, ಕೌಡೂರು, ಮಿನರ್ವಾ ಗಿರಣಿ, ಬೊಮ್ಮಾಯಿ, ಪುಟ್ಟಸ್ವಾಮಿ: ದೇಶದ ಪ್ರಜೆಗಳ ಹಕ್ಕಿನ ಚರಿತ್ರೆಯಲ್ಲಿ ಕನ್ನಡದ ಹೆಸರುಗಳು ಇಷ್ಟು ಒತ್ತಾಗಿ ಬರುವುದು ಕಾಕತಾಳೀಯವೇ ಇರಬಹುದು. ಹೆಮ್ಮೆಪಡಲು ಅಡ್ಡಿಯಿಲ್ಲ.

ಇಷ್ಟನ್ನು ಹೇಳಿದ ಮೇಲೆ ಆ ವಿದ್ಯಾರ್ಥಿಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟೆನೆಂದು ಭಾವಿಸಿದ್ದೆನು. ಕಲ್ಯಾಣದ ಕಥೆಯನ್ನು ಮತ್ತೊಮ್ಮೆ ಓದಿದಾಗ, ಇಲ್ಲ, ಅರ್ಧವನ್ನು ಮಾತ್ರ ಹೇಳಿದ್ದೇನೆಂದು ತಿಳಿಯಿತು. ಬಿಜ್ಜಳನು ತಾನಾಗಿ ಆ ಮದುವೆಯನ್ನು ಹುಡುಕಿಕೊಂಡು ಹೋಗಲಿಲ್ಲ. ದೂರು ಕೊಟ್ಟವರು ಊರಿನವರು. ದೊರೆಯ ಕೈಯನ್ನು ಎತ್ತಿಸಿದ್ದು ಬೀದಿಯ ಬಾಯಿ. ಸಂವಿಧಾನವು ದೊರೆಯ ಕೈಯನ್ನು ಕಟ್ಟಿತು. ಬೀದಿಯ ಬಾಯನ್ನು ಯಾರು ಕಟ್ಟತಕ್ಕದ್ದು?

ಮೂಲಭೂತ ಹಕ್ಕುಗಳಲ್ಲಿ ಬಹುಪಾಲು ಸರ್ಕಾರವನ್ನು ಕುರಿತವು. ಆದರೆ ಕೆಲವು ನೇರವಾಗಿ ನಮ್ಮನ್ನೇ, ಅಂದರೆ ನೆರೆಯವರನ್ನೂ ಊರಿನವರನ್ನೂ, ಕುರಿತು ಬರೆದವು. ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಆಚರಿಸಕೂಡದೆಂದು 17ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಹೇಳುತ್ತದೆ. ಅಂಗಡಿ, ಹೋಟೆಲುಗಳಿಗೆ ಪ್ರವೇಶ, ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆ, ಇವುಗಳಲ್ಲಿ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 15ನೆಯದು ಹೇಳುತ್ತದೆ. ಅಷ್ಟು ದೊಡ್ಡ ಗ್ರಂಥದಲ್ಲಿ ಕೆರೆಯ ಹೆಸರು ಬಂದಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಕೆರೆಯ ದಂಡೆಯಲ್ಲಿಯೇ ಬೆಳೆದ ಮರಳೂರಿನವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕೆರೆಯಲ್ಲಿ ಯಾರು ಎಲ್ಲಿ ಇಳಿಯಬೇಕೆಂಬ ಕಟ್ಟಳೆಗಳನ್ನು ನಮ್ಮ ಸೀಮೆಯ ಹಿರಿಯರು ಕಂಡೇ ಬಲ್ಲರು.

ಹರಳಯ್ಯನವರ ಮಗ, ಮಧುವಯ್ಯನವರ ಮಗಳು ಇಂದು ಇದ್ದಿದ್ದರೆ? 1954ರ ವಿಶೇಷ ವಿವಾಹ ಶಾಸನದಂತೆ ವಿವಾಹಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಮೂವತ್ತು ದಿನಗಳ ತಿಳಿವಳಿಕೆ ಪತ್ರವನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. ಶಾಸನಸಮ್ಮತವಾದ ತಕರಾರು ಇಲ್ಲದಿದ್ದರೆ, ಅವಧಿ ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರಿಗೆ ಮದುವೆಯಾಗುತ್ತದೆ. ಯಾವ ದೊರೆಯೂ ಕೇಳುವಂತಿಲ್ಲ. ಆದರೆ ಆ ಮೂವತ್ತು ದಿನಗಳಲ್ಲಿ ಗೋಡೆಯ ಮೇಲಿನ ಹೆಸರುಗಳನ್ನು ಓದಿ ಮನೆಗೆ ಸುದ್ದಿ ಮುಟ್ಟಿಸುವವರಿಗೆ ಕೊರತೆಯಿಲ್ಲ.

ಬೆಳಗಾವಿ ಜಿಲ್ಲೆಯಿಂದ ಹೊರಟ ಒಂದು ಮೊಕದ್ದಮೆಯಲ್ಲಿ 2021ರ ಫೆಬ್ರುವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಓದತಕ್ಕದ್ದು. ಸುಶಿಕ್ಷಿತಳಾದ ವಯಸ್ಕ ಕನ್ಯೆಯೊಬ್ಬಳು ತನ್ನ ಇಚ್ಛೆಯಂತೆ ಬೇರೆ ಸಮುದಾಯದವನನ್ನು ವಿವಾಹವಾದಳು. ಮಗಳು ಕಾಣೆಯಾದಳೆಂದು ತಂದೆಯು ಪೋಲೀಸರಿಗೆ ದೂರಿತ್ತನು. ಮದುವೆಯಾದ ವಿಚಾರವನ್ನು ಆಕೆಯು ತಾನೇ ತಿಳಿಸಿದ ಮೇಲೆಯೂ, ಠಾಣೆಗೆ ಬಂದು ಹೇಳಿಕೆ ಕೊಟ್ಟರಲ್ಲದೆ ದೂರನ್ನು ಮುಗಿಸಲಾಗದೆಂದು ಅಧಿಕಾರಿಯು ಒತ್ತಾಯಿಸಿದನು. ಇಬ್ಬರು ವಯಸ್ಕರು ಮದುವೆಯಾಗಲು ಒಪ್ಪಿದ ಮೇಲೆ ಮನೆಯವರ, ಕುಲದವರ, ಊರಿನವರ ಸಮ್ಮತಿಯು ಬೇಕಾಗಿಲ್ಲವೆಂದು ನ್ಯಾಯಾಲಯವು ಹೇಳಿ, ಆ ದೂರನ್ನು ರದ್ದುಗೊಳಿಸಿತು. ಅಂತರ್ಜಾತೀಯ ವಿವಾಹಗಳಿಂದಲೇ ಜಾತಿಯ ಗೋಡೆ ಬೀಳುವುದೆಂಬ ಅಂಬೇಡ್ಕರರ ವಿಚಾರವನ್ನೂ ತೀರ್ಪಿನಲ್ಲಿ ನೆನೆದಿತು. ಇಂಥ ದಂಪತಿಗಳಿಗೆ ರಕ್ಷಣೆ ಕೊಡುವುದು ಪೋಲೀಸರ ಕರ್ತವ್ಯವೆಂದು 2018ರಲ್ಲಿಯೇ ಅದೇ ನ್ಯಾಯಾಲಯವು ವಿಧಿಸಿತ್ತು.

ಈ ತೀರ್ಪನ್ನು ಗೋಷ್ಠಿಯಲ್ಲಿ ಓದಿದಾಗ ಸಭೆಯು ಎರಡಾಯಿತು. ಹರಳಯ್ಯನವರ ಕಥೆಗೆ ಕಣ್ಣೀರು ಒರೆಸಿಕೊಂಡಿದ್ದವರೇ, "ಕಥೆ ಬೇರೆ, ನಮ್ಮ ಮಕ್ಕಳ ಮಾತು ಬೇರೆ" ಎಂದರು. ಲಿಂಗವಂತರಲ್ಲಿಯೇ ಒಳಪಂಗಡ ಬೇರೆಯಾದರೆ ಹೆಣ್ಣು ಕೊಡದ ಮನೆಗಳು ನಮ್ಮ ನಡುವೆ ಇರುವಾಗ ಈ ಮಾತು ಅನಿರೀಕ್ಷಿತವೇನೂ ಅಲ್ಲ. ನಾನು ಅವರನ್ನು ಹೀಗಳೆಯಲಿಲ್ಲ. ಮಗಳ ಬಾಳಿನ ಮೇಲಣ ಭಯವೂ ಪ್ರೀತಿಯ ಒಂದು ರೂಪವೇ. ಅವರಿಗೆ ಒಂದನ್ನು ಮಾತ್ರ ಕೇಳಿದೆನು: ಕಲ್ಯಾಣದಲ್ಲಿ ದೊರೆಗೆ ದೂರು ಕೊಟ್ಟವರು ಯಾರು, ಅವರೂ ಹೀಗೆಯೇ ಹೇಳಿರಬಹುದಲ್ಲವೇ ಎಂದು. ಉತ್ತರ ಬರಲಿಲ್ಲ. ಆ ಮಾತು ಹಾಗೆಯೇ ನಿಂತಿತು.

ಸಭೆ ಮುಗಿದ ಮೇಲೆ ಒಬ್ಬ ತಾಯಿ ಬಳಿಗೆ ಬಂದು, "ಅಪ್ಪಾಜಿ, ಈ ಕೋರ್ಟು, ತೀರ್ಪು ಎಲ್ಲ ದುಡ್ಡಿದ್ದವರಿಗೆ. ನಮ್ಮಂಥವರು ಎಲ್ಲಿಗೆ ಹೋಗುವುದು?" ಎಂದು ಕೇಳಿದರು. ಅದಕ್ಕೂ ಶಾಸನದಲ್ಲಿ ದಾರಿಯಿದೆಯೆಂದು ಅವರಿಗೆ ಹೇಳಿದುದನ್ನೇ ಇಲ್ಲಿಯೂ ಬರೆಯುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಶಾಸನದಂತೆ ಪ್ರತಿ ಜಿಲ್ಲೆಯಲ್ಲಿಯೂ ಒಂದು ಪ್ರಾಧಿಕಾರವಿರುತ್ತದೆ, ತುಮಕೂರಿನಲ್ಲಿಯೂ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ, ಬಂಧನದಲ್ಲಿರುವವರಿಗೆ ವರಮಾನ ಎಷ್ಟೇ ಇರಲಿ ಅಲ್ಲಿ ವಕೀಲರನ್ನು ಉಚಿತವಾಗಿ ನೇಮಿಸಿಕೊಡುತ್ತಾರೆ. ಉಳಿದವರಲ್ಲಿ ಹಲವರಿಗೆ ವರಮಾನದ ಮಿತಿಯುಂಟು. ಅರ್ಜಿಯನ್ನು ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಆ ತಾಯಿಯು ಕಚೇರಿ ಯಾವ ಕಡೆ ಎಂದು ಕೇಳಿದರು. ಪ್ರಶ್ನೆ ಕೇಳಿದ್ದ ಆ ವಿದ್ಯಾರ್ಥಿಯೇ ಮುಂದೆ ಬಂದು, "ಸೋಮವಾರ ನಾನೇ ಕರೆದುಕೊಂಡು ಹೋಗ್ತೀನಿ, ಅಮ್ಮ" ಎಂದನು.